ಸಂಖ್ಯೆ ಬಿಟ್ಟು ಹೇಳು

ಅಕ್ಕೋರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಶಾಲೆಯ ಕಮಿಟಿಯವರು ಹೇಳಿ ಒಂಬತ್ತು ದಿನವಾಯಿತು. ಮೊದಲ ದಿನ ಅವರ ಎತ್ತರ ಬರೆದೆ. 'ನನ್ನ ಭುಜದವರೆಗೆ ಬರುತ್ತಿದ್ದರು' ಎಂದು ಬರೆದು ಹೊಡೆದುಹಾಕಿದೆ. ನಮ್ಮ ಶಾಲೆಯ ಮೆಟ್ಟಿಲಲ್ಲಿ ಅವರು ಮೇಲೆ, ನಾನು ಕೆಳಗೆ ನಿಂತು ಮಾತಾಡಿದ್ದೇ ಹೆಚ್ಚು. ಹಾಗೆ ನಿಂತವರ ಎತ್ತರ ಯಾರಿಗೆ ಗೊತ್ತಾಗುತ್ತದೆ? ಎರಡನೆಯ ದಿನ ಬೂದುಬಣ್ಣದ ಸೀರೆ ಎಂದು ಬರೆದೆ. ಅದೂ ನಿಲ್ಲಲಿಲ್ಲ. ಬಂದರಿನ ಕಡೆಯಿಂದ ಬರುವ ಧೂಳಿಗೆ ವಾಸ್ಕೋದ ಈ ಸಡಾ ಗುಡ್ಡದಲ್ಲಿ ಎಲ್ಲರ ಬಟ್ಟೆಯೂ ಬೇಸಿಗೆಯ ಹೊತ್ತಿಗೆ ಬೂದಾಗಿರುತ್ತದೆ.

ಅನುಮಾನವಿಲ್ಲದೆ ನೆನಪಿರುವುದು ಒಂದೇ. ಹನ್ನೆರಡು ವರ್ಷದ ಹಿಂದೆ, ಮಳೆಗಾಲ ಇನ್ನೂ ಪೂರ್ತಿ ಮುಗಿಯದ ಒಂದು ದಿನ, ಗುಡ್ಡದ ಅಂಚಿಗೆ ಕರೆದುಕೊಂಡು ಹೋಗಿದ್ದ ಮಕ್ಕಳಲ್ಲಿ ಒಂದು ಮಗು ಅಲ್ಲೇ ಉಳಿದುಬಿಟ್ಟಿತು. ಎಲ್ಲರೂ ಬಂದರು ಎಂದು ಎಣಿಸಿ ಹೇಳಿದವನು ನಾನು. ಕಮಿಟಿಯ ಪುಸ್ತಕದಲ್ಲಿ ಎಣಿಸಿದವರು ಅಕ್ಕೋರು ಎಂದಿದೆ. ಆ ದಿನವನ್ನು ಬಿಟ್ಟು ಎರಡು ಪುಟ ಬರೆಯಬಹುದು. ನಿನ್ನೆಯವರೆಗೆ ನಾನು ಅದನ್ನೇ ಪ್ರಯತ್ನಿಸುತ್ತಿದ್ದೆ.

ಉತ್ತರ ಕರ್ನಾಟಕದ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಅವರ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಇತ್ತು. ಮಕ್ಕಳು, ಮಕ್ಕಳ ತಾಯಂದಿರು, ಕಮಿಟಿಯ ಅಧ್ಯಕ್ಷರು, ಕೆಳಗಿನ ಹಿಟ್ಟಿನ ಗಿರಣಿಯ ಮಾಲೀಕ, ಎಲ್ಲರೂ ಅಕ್ಕೋರ ಎಂದೇ ಕರೆಯುತ್ತಿದ್ದರು. ಗಿರಣಿಯ ಮೇಲಿನ ಎರಡು ಕೋಣೆ ನಮ್ಮ ಕನ್ನಡ ಶಾಲೆ. ಗಿರಣಿ ಶುರುವಾದರೆ ನೆಲ ನಡುಗುತ್ತಿತ್ತು. ನಾನು ಹಾವೇರಿಯ ಕಡೆಯಿಂದ ತಾತ್ಕಾಲಿಕ ಮಾಸ್ತರನಾಗಿ ಬಂದಾಗ ಅವರು ಮೂರನೆಯ ಮತ್ತು ನಾಲ್ಕನೆಯ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಿದ್ದರು. ಮಕ್ಕಳ ಅಪ್ಪಂದಿರು ಬಂದರಿನಲ್ಲಿ ಸರಕು ಇಳಿಸುವವರು, ದಾಬೋಲಿಮ್ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವರು. ತಾಯಂದಿರು ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕುವವರು. ಬೆಳಿಗ್ಗೆ ಇಬ್ಬರೂ ಹೊರಟರೆ ಮನೆಯಲ್ಲಿ ಉಳಿಯುವ ಚಿಕ್ಕ ಕೂಸು ಅಕ್ಕನ ಕಂಕುಳೇರಿ ಶಾಲೆಗೆ ಬರುತ್ತಿತ್ತು. ಹಾಜರಿಯಲ್ಲಿ ಅದರ ಹೆಸರಿರಲಿಲ್ಲ. ಬಸ್ಸಿನ ಕಂಡಕ್ಟರ್ ಕಂಕುಳ ಕೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಹಾಗೆ ನಾವೂ ಹಿಡಿಯುತ್ತಿರಲಿಲ್ಲ.

ಈ ಮಕ್ಕಳು ಕೂಡುವುದು ಕಳೆಯುವುದರಲ್ಲಿ ಚುರುಕು. ಹದಿನೇಳಕ್ಕೆ ಎಂಟು ಎಂದರೆ ಇಪ್ಪತ್ತೈದು ಎಂದು ಕೂಗುತ್ತಿದ್ದರು. ಅದೇ ಲೆಕ್ಕ ಮೂರು ಸಾಲಿನ ಮಾತಾಗಿ ಪುಸ್ತಕದಲ್ಲಿ ಬಂದರೆ ಮುಖ ಬಿಳುಪೇರುತ್ತಿತ್ತು. 'ಒಂದು ತೋಟದಲ್ಲಿ ಮೂವತ್ತೈದು ತೆಂಗಿನ ಮರಗಳಿದ್ದವು' ಎಂದು ನಾನು ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಪ್ರಶ್ನೆ ಬರುತ್ತಿತ್ತು.

"ಸರ್ರ, ಕೂಡಸೋದೇನ್ರಿ, ಕಳಿಯೋದೇನ್ರಿ?"

ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಬೋರ್ಡಿನ ಎಡಕ್ಕೆ 'ಒಟ್ಟು, ಸೇರಿ, ಎಲ್ಲ', ಬಲಕ್ಕೆ 'ಉಳಿದ, ಹೋದ, ಕಡಿಮೆ' ಎಂದು ಬರೆದೆ. ಎಡಗಡೆಯ ಮಾತು ಬಂದರೆ ಕೂಡಿಸು, ಬಲಗಡೆಯದು ಬಂದರೆ ಕಳೆ. ಮಕ್ಕಳು ಒಂದೇ ದಿನದಲ್ಲಿ ಕಲಿತರು. ನನಗೆ ಹೆಮ್ಮೆಯಾಗಿತ್ತು. ಅಕ್ಕೋರು ಬಾಗಿಲಲ್ಲಿ ನಿಂತು ಬೋರ್ಡನ್ನು ಓದಿದರು. ಒಳಗೆ ಬಂದು ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು.

"ಬುಟ್ಟಿಯೊಳಗ ಈಗ ಒಂಬತ್ತು ಬಂಗಡಿ ಮೀನ ಉಳದಾವ. ಮುಂಜಾನಿ ಬೆಕ್ಕು ನಾಕು ತಿಂದಿತ್ತು. ಮೊದಲ ಎಷ್ಟಿದ್ದವು?"

ಎಲ್ಲರೂ ಐದು ಎಂದು ಬರೆದರು. ಉಳಿದ ಎಂಬ ಮಾತು ಬಂದಿತ್ತಲ್ಲ.

"ನೋಡ್ರಿ ಸರ," ಅಂದರು ಅಕ್ಕೋರು. "ನಿಮ್ಮ ಬೆಕ್ಕು ಎರಡು ಸಲ ತಿಂತು."

ಅವರು ಮೀನು ತಿನ್ನುವವರಲ್ಲ. ಲೆಕ್ಕದಲ್ಲಿ ಮಾತ್ರ ತರುತ್ತಿದ್ದರು. ಮಕ್ಕಳು ನಕ್ಕರು, ನಾನೂ ನಕ್ಕಿರಬೇಕು. ನಕ್ಕೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಆ ದಿನ ಸಂಜೆ ನಾನು ಅವರ ಜೊತೆ ಮಾತಾಡದೆ ಬೇರೆ ದಾರಿ ಹಿಡಿದು ಕೋಣೆಗೆ ಹೋದೆ.

ಅವರ ಪುಸ್ತಕ ನೋಡಿದವರಿಗೆ ಮೊದಲು ಅದು ಹಾಳಾಗಿದೆ ಅನ್ನಿಸುತ್ತಿತ್ತು. ಲೆಕ್ಕದ ಪುಟಗಳಲ್ಲಿ ಎಲ್ಲೆಲ್ಲಿ ಸಂಖ್ಯೆ ಇತ್ತೋ ಅಲ್ಲೆಲ್ಲ ಹಳೆಯ ಕ್ಯಾಲೆಂಡರಿನ ಸಣ್ಣ ಚೂರುಗಳನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು. ಒಂದು ಬಸ್ಸಿನಲ್ಲಿ ಇಷ್ಟು ಜನ ಇದ್ದರು, ಇಷ್ಟು ಜನ ಇಳಿದರು ಎಂದಿದ್ದ ಕಡೆ ಆ ಇಷ್ಟು ಕಾಣುತ್ತಿರಲಿಲ್ಲ. ಮಗು ಮೊದಲು ಅದನ್ನು ಕಥೆಯ ಹಾಗೆ ಹೇಳಬೇಕು.

"ಸಂಖ್ಯೆ ಬಿಟ್ಟು ಹೇಳು."

"ಒಂದ್ ಬಸ್ಸಿನ್ಯಾಗ ಮಂದಿ ಇದ್ರು ರೀ. ಒಂದಿಷ್ಟು ಮಂದಿ ಇಳದ್ರು. ಆಮ್ಯಾಲ ಒಂದಿಷ್ಟು ಮಂದಿ ಹತ್ತಿದ್ರು."

"ಎಲ್ಲಿ ಇಳದ್ರು?"

"ಅದು ಪುಸ್ತಕದಾಗ ಇಲ್ರಿ."

"ಇಳಿಯಾಕ ಚಲೋ ಜಾಗಾ ಇತ್ತಿಲ್ಲೋ? ಹಿಂದ ಗಾಡಿ ಬರಾಕತ್ತಿತ್ತೇನ ಮತ್ತ?"

ಇದು ಕಲಿಸುವ ಜಾಣತನವಲ್ಲ. ಅವರಿಗೆ ನಿಜವಾಗಿಯೂ ಆ ಬಸ್ಸಿನ ಜನರ ಬಗ್ಗೆ ಆತಂಕವಿರುತ್ತಿತ್ತು. ಆಸ್ಪತ್ರೆಯಿಂದ ಬಂದ ಸುದ್ದಿಯನ್ನು ಕೇಳುವವರ ಹಾಗೆ ಲೆಕ್ಕ ಕೇಳುತ್ತಿದ್ದರು. ಬಲಗೈ ಕೊರಳ ಹತ್ತಿರ, ಬಾಯಿ ಸ್ವಲ್ಪ ತೆರೆದು, 'ಮುಂದೇನಾತು' ಎಂದು. ಮಗು ಕೊನೆಗೆ, "ಎಷ್ಟು ಮಂದಿ ಇಳದ್ರು ಅಂತ ಗೊತ್ತಾದ್ರ ಹೇಳತೇನ್ರಿ" ಎಂದು ತಾನಾಗಿ ಕೇಳಿದಾಗ ಮಾತ್ರ ಉಗುರಿನಿಂದ ಆ ಚೂರನ್ನು ಮೆಲ್ಲಗೆ ಎಬ್ಬಿಸಿ ಸಂಖ್ಯೆ ತೋರಿಸುತ್ತಿದ್ದರು. ಸಂಖ್ಯೆ ಬೇಕು ಅನ್ನಿಸುವ ತನಕ ಸಂಖ್ಯೆ ಕೊಡಬಾರದು ಎನ್ನುವುದು ಅವರ ಹಟ. ತನಿಖೆಗೆ ಬಂದ ಅಧಿಕಾರಿಯೊಬ್ಬರು ಪುಸ್ತಕ ತಿರುವಿ, "ಇದರಾಗ ಲೆಕ್ಕನ ಇಲ್ಲಲ್ರಿ" ಎಂದಾಗ ಅವರು, "ಅದಾವ್ರಿ, ತೆಳಗ ಮಲಗ್ಯಾವ" ಎಂದರು. ಅಧಿಕಾರಿ ನಗಲಿಲ್ಲ. ಅಕ್ಕೋರೂ ನಗಿಸಲೆಂದು ಹೇಳಿದ್ದಲ್ಲ.

ರುಕ್ಸಾನಾ ಎಂಬ ಹುಡುಗಿಯ ಮಾತನ್ನು ಬರೆಯಬೇಕು. ಮೂರನೆಯ ತರಗತಿಯವಳು, ಕಂಕುಳಲ್ಲಿ ಯಾವಾಗಲೂ ಎರಡು ವರ್ಷದ ತಮ್ಮ ಸಮೀರ. ಪುಸ್ತಕದ ಲೆಕ್ಕ ಹೀಗಿತ್ತು: ಒಂದು ಮನೆಯಲ್ಲಿ ಆರು ಜನ, ಇಬ್ಬರು ಊರಿಗೆ ಹೋದರು, ಈಗ ಮನೆಯಲ್ಲಿ ಎಷ್ಟು ಜನ? ರುಕ್ಸಾನಾ ಎಂಟು ಎಂದಳು. ನಾನು ತಪ್ಪು ಎಂದು ಮುಂದಿನವರ ಕಡೆ ತಿರುಗುವುದರಲ್ಲಿದ್ದೆ. ಅಕ್ಕೋರು ತಡೆದರು.

"ಹೆಂಗವ್ವಾ ಎಂಟು?"

"ಊರಿಗೆ ಹ್ವಾದೋರು ಬರೇ ಕೈಲೆ ಬರ್ತಾರೇನ್ರಿ? ಇಬ್ಬರು ಹ್ವಾದ್ರ ನಾಕು ಮಂದಿ ಬರ್ತಾರ. ನಮ್ಮ ಅಬ್ಬಾ ಹ್ವಾದ್ರ ಕಾಕಾನ್ನ ಕರ್ಕೊಂಡ ಬರ್ತಾನ, ಕಾಕಾ ಅವನ ದೋಸ್ತನ್ನ ಕರ್ಕೊಂಡ ಬರ್ತಾನ. ಎಲ್ಲಾರೂ ನಮ್ಮ ಮನ್ಯಾಗ ಇರ್ತಾರ, ಕೆಲಸ ಸಿಗೋತನಾ."

ಇಡೀ ತರಗತಿ ಹೌದು ಹೌದು ಎಂದಿತು. ಎಲ್ಲರ ಮನೆಯ ಲೆಕ್ಕವೂ ಅದೇ.

"ಕಥಿ ಖರೇ ಐತಿ," ಅಂದರು ಅಕ್ಕೋರು. "ಆದ್ರ ಅವರಿನ್ನೂ ಬಂದಿಲ್ಲ. ಹಾದಿಮ್ಯಾಲ ಅದಾರ. ಅವರು ಹಾದಿಮ್ಯಾಲ ಇರೋವಾಗ ನೀ ಮನ್ಯಾಗ ಚಾ ಮಾಡಾಕತ್ತೀ. ಎಷ್ಟು ಕಪ್ಪು?"

"ನಾಕ್ರಿ."

"ಅಷ್ಟ ಬರಿ."

ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಹೇಳುವಾಗ ಒಂದೊಂದು ಸಲ ಅಕ್ಕೋರ ಮಾತನ್ನು ನನ್ನ ಬಾಯಿಗೆ ಹಾಕಿಕೊಂಡಿದ್ದೇನೆ. ಅದು ಆಮೇಲಿನ ವಿಷಯ.

ಆ ದಿನ.

ಹಡಗುಗಳ ಲೆಕ್ಕ ಮಾಡಿಸಲು ಅಕ್ಕೋರು ಎರಡೂ ತರಗತಿಯನ್ನು ನೀರಿನ ಟಾಕಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಶಾಲೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ಗುಡ್ಡ ಮುಗಿದು ಮೊಣಕಾಲೆತ್ತರದ ಕೆಂಪುಕಲ್ಲಿನ ಗೋಡೆ, ಅದರಾಚೆ ಬಂಡೆ, ಕೆಳಗೆ ಸಮುದ್ರ. ದೂರದಲ್ಲಿ ಸರದಿಗಾಗಿ ಕಾಯುತ್ತ ನಿಂತ ಹಡಗುಗಳು. ಬೆಳಿಗ್ಗೆ ಇಷ್ಟಿದ್ದವು, ಒಂದು ಒಳಗೆ ಹೋಯಿತು, ಎರಡು ಹೊಸದು ಬಂದವು. ಆ ಹಡಗು ಒಳಗೆ ಬಂದರೆ ತಂದೆಗೆ ಕೆಲಸ ಎಂದು ಗೊತ್ತಿದ್ದ ಮಕ್ಕಳಿಗೆ ಯಾರೂ ಹಡಗಿನ ಲೆಕ್ಕ ಬಿಡಿಸಿ ಹೇಳಬೇಕಿರಲಿಲ್ಲ. ಹೊರಡುವ ಮೊದಲು ಅಕ್ಕೋರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆದು, ತಲೆ ಮುಟ್ಟಿ ಹೊರಗೆ ಬಿಟ್ಟರು. ಇಪ್ಪತ್ತೊಂದು ಮಕ್ಕಳು. ಸಮೀರ ಕಂಕುಳಲ್ಲಿದ್ದ.

ಭಾಗ್ಯಾ ಎಂಬ ಹುಡುಗಿಗೆ ಎಂಟು ವರ್ಷ. ಕಣ್ಣು ಬಹಳ ಚುರುಕು. ಅಕ್ಕೋರು ಅವಳಿಗೆ ಎಲ್ಲಕ್ಕಿಂತ ದೂರದ ಹಡಗುಗಳನ್ನು ವಹಿಸಿದರು. ಗೋಡೆಯ ಆ ತುದಿಗೆ, ಪಂಪಿನ ಮನೆಯ ಮಗ್ಗುಲಲ್ಲಿ, ಅವಳು ಹೋಗಿ ಕುಳಿತಳು. ಅಷ್ಟರಲ್ಲಿ ಒಬ್ಬ ಹುಡುಗಿ ಒಡೆದ ಬಾಟಲಿಯ ಮೇಲೆ ಕಾಲಿಟ್ಟಳು. ರಕ್ತ ಬಹಳ ಬಂತು. ಅಕ್ಕೋರು ಸೆರಗಿನ ಅಂಚನ್ನು ಹರಿದು ಕಟ್ಟುತ್ತಿರುವಾಗಲೇ ಮಳೆ ಬಂತು. ನಾನು ನಡೀರಿ ನಡೀರಿ ಎಂದೆ. ಮಕ್ಕಳು ಜೇಬಿನಲ್ಲಿದ್ದ ಪ್ಲಾಸ್ಟಿಕ್ ಚೀಲಗಳನ್ನು ತಲೆಗೆ ಹಾಕಿಕೊಂಡರು. ಕಾಲು ಕೊಯ್ದ ಹುಡುಗಿಯನ್ನು ಒಂದು ಕಡೆ ಅಕ್ಕೋರು, ಇನ್ನೊಂದು ಕಡೆ ರುಕ್ಸಾನಾ ಹಿಡಿದು ನಡೆಸಿದರು. ಹಾಗಾಗಿ ಸಮೀರನಿಗೆ ಕಂಕುಳು ಸಿಗಲಿಲ್ಲ. ಅವನೂ ಒಂದು ಚೀಲ ತಲೆಗೆ ಹಾಕಿಕೊಂಡು ಸಾಲಿನಲ್ಲಿ ನಡೆದ.

ಶಾಲೆಯ ಮೆಟ್ಟಿಲ ಹತ್ತಿರ ಅಕ್ಕೋರು ಆ ಹುಡುಗಿಯ ಕಾಲನ್ನು ನೀರಿನಲ್ಲಿ ತೊಳೆಯುತ್ತ, ತಲೆ ಎತ್ತದೆ ಕೇಳಿದರು.

"ಸರ, ಎಷ್ಟು ಮಂದಿ ಆದ್ರು ನೋಡ್ರಿ."

ಕಾಲು ಕೊಯ್ದ ಹುಡುಗಿಯನ್ನು ಸೇರಿಸಿ, ಮೇಲೆ ಹತ್ತುತ್ತಿದ್ದ ಪ್ಲಾಸ್ಟಿಕ್ ತಲೆಗಳನ್ನು ಎಣಿಸಿದೆ. ಬಿಳಿ, ನೀಲಿ, ಕಪ್ಪು.

"ಇಪ್ಪತ್ತೊಂದು. ಬರೋಬ್ಬರಿ ಅದಾವ್ರಿ ಅಕ್ಕೋರ."

ನೆಲದ ಮೇಲೆ ನಡೆದು ಬಂದವರನ್ನು ಮಾತ್ರ ಎಣಿಸಿದ್ದೆ, ಸಮೀರನೂ ನಡೆದೇ ಬಂದಿದ್ದ. ಎಣಿಕೆ ತಪ್ಪಿರಲಿಲ್ಲ.

ಮಧ್ಯಾಹ್ನ ಪಾವ್ ಭಾಜಿ ಬಂತು. ಇಪ್ಪತ್ತೊಂದು ಪಾವು ಹಂಚಿದೆ, ಸಮೀರನೂ ತಿಂದ, ಏನೂ ಮಿಕ್ಕಲಿಲ್ಲ. ಆಗಲೂ ಸರಿಹೋಯಿತು. ಆಮೇಲೆ ಏನಾಯಿತು ಎನ್ನುವುದನ್ನು ನಾನು ಹೇಳುತ್ತ ಬಂದ ರೀತಿ ಹೀಗಿದೆ: ಮಧ್ಯಾಹ್ನದ ತರಗತಿಯಲ್ಲಿ ಅಕ್ಕೋರು, ಬೆಳಗಿನ ಕಥೆಯನ್ನು ಸಂಖ್ಯೆ ಬಿಟ್ಟು ಹೇಳಿ ಎಂದರು. ಒಬ್ಬ ಹುಡುಗಿ ಎದ್ದು ನಿಂತು, ನಾವು ಹೋದೆವು, ಗಾಜು ಚುಚ್ಚಿತು, ಮಳೆ ಬಂತು, ಸಮೀರ ನಡೆದುಕೊಂಡು ಬಂದ, ಭಾಗ್ಯಾ ಹಡಗು ನೋಡುತ್ತಿದ್ದಾಳೆ ಎಂದಳು. ನೋಡುತ್ತಿದ್ದಳು ಅನ್ನಲಿಲ್ಲ. ಅಕ್ಕೋರ ಕೈಯಿಂದ ಸೀಮೆಸುಣ್ಣ ಬಿತ್ತು.

ಇದು ನನಗೇ ಈಗ ಅನುಮಾನ. ಅವರ ಪದ್ಧತಿಯೇ ಮಗುವನ್ನು ಹುಡುಕಿಕೊಟ್ಟಿತು ಎಂದು ಹೇಳುವುದು ಎಷ್ಟು ಚೆಂದ. ಭಾಗ್ಯಾಳ ಪಾಟಿಚೀಲ ಮೂಲೆಯಲ್ಲಿ ಹಾಗೇ ಬಿದ್ದಿದ್ದನ್ನು ಯಾರೋ ನೋಡಿ ಕೇಳಿದ್ದೂ ಇರಬಹುದು. ಸೀಮೆಸುಣ್ಣ ಬಿದ್ದದ್ದು ನಾನು ಆಮೇಲೆ ಸೇರಿಸಿದ್ದು, ಅದು ಖಚಿತ. ನಿಜವಾಗಿ ನೆನಪಿರುವುದು ಅಕ್ಕೋರು ಚಪ್ಪಲಿ ಇಲ್ಲದೆ ಮೆಟ್ಟಿಲಿಳಿದು ಓಡಿದ್ದು, ಅವರ ಹಿಂದೆ ನಾನು. ಐವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಬಾಯಲ್ಲಿ ಒಂದೇ ಸಮನೆ ಹೆಸರುಗಳು. ಭಾಗ್ಯಾ ಒಬ್ಬಳದಲ್ಲ, ಇಪ್ಪತ್ತೊಂದೂ ಮಕ್ಕಳ ಹೆಸರು, ಹಾಜರಿಯ ಕ್ರಮದಲ್ಲಿ.

ಗೋಡೆಯ ತುದಿಯಲ್ಲಿ ಯಾರೂ ಇರಲಿಲ್ಲ. ಅಕ್ಕೋರು ಗೋಡೆಯಾಚೆ ಬಗ್ಗಿ ಕೆಳಗಿನ ಬಂಡೆಗಳನ್ನು ನೋಡಿದರು. ನಾನು ನೋಡಲಿಲ್ಲ. ಅವರು ನೋಡಿ ಬರಲಿ ಎಂದು ಹಿಂದೆ ನಿಂತೆ. ಆ ಹೊತ್ತು ಎಷ್ಟು ದೀರ್ಘವಿತ್ತೆಂದು ಹೇಳಲಾರೆ. ಅವರು ತಿರುಗಿ ಇಲ್ಲ ಎಂದು ತಲೆಯಾಡಿಸಿದರು. ಆ ಇಲ್ಲ ಒಳ್ಳೆಯದೋ ಕೆಟ್ಟದ್ದೋ ಇಬ್ಬರಿಗೂ ತಿಳಿಯಲಿಲ್ಲ.

ಭಾಗ್ಯಾ ಮಳೆಗೆ ಪಂಪಿನ ಮನೆಯ ಹಿಂದೆ ನಿಂತಿದ್ದಳು. ಮಳೆ ನಿಂತಾಗ ನಾವಿರಲಿಲ್ಲ. ಅವಳು ಗಾಬರಿಯಾಗಿ ಬೇರೆ ಮೆಟ್ಟಿಲು ಹಿಡಿದು ಲಾರಿಗಳು ಓಡಾಡುವ ರಸ್ತೆಯ ಕಡೆ ಇಳಿದಿದ್ದಳು. ಪಾಚಿಗೆ ಜಾರಿ ಬಿದ್ದಳು. ಅವಳನ್ನು ಕಂಡದ್ದು ಅವಳ ತಾಯಿಯೇ. ನೀಲವ್ವ ಹತ್ತಿರದ ಫ್ಲ್ಯಾಟಿನಲ್ಲಿ ಕೆಲಸ ಮುಗಿಸಿ ಬರುತ್ತಿದ್ದಳು. ಲಾರಿಯೊಂದು ನಿಂತಿತ್ತು, ಅದರ ಮುಂದೆ ರಸ್ತೆಯ ನಡುವೆ ತನ್ನ ಮಗಳು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಮೊಣಕೈ ಮುರಿದಿತ್ತು. ಅದು ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಭಾಗ್ಯಾಳಿಗೆ ಈಗ ಇಪ್ಪತ್ತು ವರ್ಷ. ಎಡಗೈ ಇನ್ನೂ ಪೂರ್ತಿ ಚಾಚುವುದಿಲ್ಲ.

ಮರುದಿನ ಕಮಿಟಿ ಸೇರಿತು. ನೀಲವ್ವ ನೆಲದ ಮೇಲೆ ಕುಳಿತಿದ್ದಳು. ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ.

"ಹೊಳ್ಳಿ ಬಂದ ಮ್ಯಾಲ ಎಣಿಸಿದವರು ಯಾರು?"

ನಾನು ಬಾಯಿ ತೆರೆದೆ ಎಂದು ಬಹಳ ವರ್ಷ ನಂಬಿದ್ದೆ. ತೆರೆದಿದ್ದೆ, ಅಷ್ಟರಲ್ಲಿ ಅವರು ಹೇಳಿಬಿಟ್ಟರು ಎಂದು. ಈಗ ಹಾಗೆ ಬರೆಯಲಾರೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಕೆಳಗಿನ ಗಿರಣಿ ಶುರುವಾಗಿ ನೆಲ ನಡುಗಿತು. ಅಷ್ಟು ಹೊತ್ತು ನನಗೆ ಸಿಕ್ಕಿತ್ತು.

"ನಾನ್ರಿ," ಅಂದರು ಅಕ್ಕೋರು.

ನೀಲವ್ವ ಅಳಲಿಲ್ಲ, ಕೂಗಲಿಲ್ಲ. "ನಿಮ್ಮ ಕೈಯಾಗ ಕೂಸು ಕೊಟ್ಟಿದ್ದೆನಲ್ಲ ಅಕ್ಕೋರ," ಎಂದಳು. "ಹಡಗ ಎಣಸಾಕ ಬರತೈತಿ, ಹುಡುಗೂರ್ನ ಎಣಸಾಕ ಬರಂಗಿಲ್ಲೇನು ನಿಮಗ?"

ಅಕ್ಕೋರು ತಲೆ ಬಗ್ಗಿಸಿದರು. ನಾನು ಕಿಟಕಿಯ ಕಡೆ ನೋಡಿದೆ.

ಅವರಿಂದ ತರಗತಿ ತೆಗೆದುಕೊಂಡರು. ಇನ್ನು ನಾಲ್ಕು ವರ್ಷದ ನೌಕರಿ ಇತ್ತು. ಬಾಗಿಲ ಹತ್ತಿರ ಒಂದು ಮೇಜು ಹಾಕಿ ರಜಿಸ್ಟರ್ ಬರೆಯುವುದು, ಊಟ ಇಳಿಸಿಕೊಳ್ಳುವುದು, ಬೀಗ ಹಾಕುವುದು ಅವರ ಪಾಲಿಗೆ ಬಂತು. ಮಕ್ಕಳು ಒಂದೊಂದು ಸಲ ಪುಸ್ತಕ ಹಿಡಿದು ಅವರ ಮೇಜಿನ ಹತ್ತಿರ ಹೋಗಿ, ಅಕ್ಕೋರ, ಕೂಡಸೋದೋ ಕಳಿಯೋದೋ, ಎಂದು ಕೇಳುತ್ತಿದ್ದರು. ಅವರು ಪುಸ್ತಕದ ಕಡೆ ನೋಡುತ್ತಲೇ ಇರಲಿಲ್ಲ. "ನಿಮ್ಮ ಸರ್ನ ಕೇಳ್ರಿ" ಎನ್ನುತ್ತಿದ್ದರು. ಕೈ ಮಾತ್ರ ಕೊರಳಿಗೆ ಹೋಗುತ್ತಿತ್ತು.

ಮೂರನೆಯದೂ ನಾಲ್ಕನೆಯದೂ ನನಗೆ ಬಂದವು. ಮರುವರ್ಷ ನೌಕರಿ ಕಾಯಂ ಆಯಿತು. ನಾನು ಅವರ ಪುಸ್ತಕವನ್ನೇ ಇಟ್ಟುಕೊಂಡೆ. ಚೂರುಗಳು ಉದುರಿದಲ್ಲಿ ಹೊಸದು ಅಂಟಿಸಿದೆ, ಅನ್ನದಿಂದಲ್ಲ, ಗೋಂದಿನಿಂದ. ಮಕ್ಕಳು ಚೆನ್ನಾಗಿ ಕಲಿತರು. ಬೇರೆ ಶಾಲೆಯವರು ನೋಡಲು ಬಂದರು. ಮಾಸ್ತರರ ಸಭೆಯೊಂದರಲ್ಲಿ ಈ ಪದ್ಧತಿಯನ್ನು ತೋರಿಸಿ ಎಂದು ನನ್ನನ್ನು ಕರೆದರು. ಹೋಗಿ ತೋರಿಸಿದೆ. ಇದು ನಿಮಗೆ ಹೇಗೆ ಹೊಳೆಯಿತು ಎಂದು ಯಾರೋ ಕೇಳಿದರು. ಮಕ್ಕಳ ಜೊತೆ ಕೆಲಸ ಮಾಡುತ್ತ ಹೊಳೆಯಿತು ಎಂದೆ. ವಾಪಸು ಬಂದಾಗ ಅಕ್ಕೋರು ಬಾಗಿಲ ಮೇಜಿನಲ್ಲಿದ್ದರು.

"ಸಭೆ ಚಲೋ ಆತೇನು ತಮ್ಮಾ?"

"ಆತ್ರಿ."

"ಬೆಕ್ಕಿನ ಲೆಕ್ಕ ಹೇಳಿದೇನು? ಅದಕ್ಕ ಮಂದಿ ನಗತಾರ."

ಹೇಳಿದ್ದೆ. ಎಲ್ಲರೂ ನಕ್ಕಿದ್ದರು.

ಅವರನ್ನು ಕೇಳಬೇಕೆಂದು ನಾಲ್ಕು ವರ್ಷ ಅಂದುಕೊಂಡೆ. ಕೇಳಿದ್ದು ನಿವೃತ್ತಿಯ ದಿನ. ಶಾಲು ಹೊದಿಸಿ ಎಲ್ಲರೂ ಹೋದ ಮೇಲೆ ಅವರು ಕಿಟಕಿಗಳನ್ನು ಮುಚ್ಚುತ್ತಿದ್ದರು. ಯಾಕ್ರಿ ಹಂಗ ಹೇಳಿದ್ರಿ ಅವತ್ತು, ಎಂದೆ. ಅವತ್ತು ಯಾವತ್ತು ಎಂದು ಅವರು ಕೇಳಲಿಲ್ಲ.

"ಎಣಿಸಿದ್ದು ನೀನ, ಖರೇ. ಆದ್ರ ಎಷ್ಟು ಮಂದಿ ಅಂತ ಕೇಳಿದಾಕಿ ನಾನು. ಯಾರ್ಯಾರು ಬಂದ್ರು ಅಂತ ಕೇಳಬೇಕಿತ್ತು. ನಾ ತಪ್ಪು ಕೇಳಿದೆ, ನೀ ಅದಕ್ಕ ಸರಿ ಉತ್ತರ ಕೊಟ್ಟಿ."

ಹೀಗೆ ಅವರು ಹೇಳಿದರು ಎಂದು ನಾನು ಇಷ್ಟು ದಿನ ಇಟ್ಟುಕೊಂಡಿದ್ದೇನೆ. ಎಂಟು ವರ್ಷದಲ್ಲಿ ಅದನ್ನು ಎಷ್ಟು ಸಲ ತೆಗೆದು ನೋಡಿದ್ದೇನೆಂದರೆ ಅದರಲ್ಲಿ ಅವರ ಮಾತೆಷ್ಟು ನಾನು ಉಜ್ಜಿದ್ದೆಷ್ಟು ಗೊತ್ತಿಲ್ಲ. ಅವರು ಬರೀ "ಇರ್ಲಿ ಬಿಡು ತಮ್ಮಾ, ನಿಂದಿನ್ನೂ ಕಾಯಂ ಆಗಿರಲಿಲ್ಲ" ಎಂದಿರಬಹುದು. ಅದೂ ನನ್ನ ಕಿವಿಯಲ್ಲಿ ಅವರ ದನಿಯಲ್ಲೇ ಇದೆ. ಮೊದಲನೆಯ ಮಾತು ನನ್ನನ್ನು ತಪ್ಪಿನಿಂದ ಬಿಡಿಸಿಬಿಡುತ್ತದೆ. ಆದ್ದರಿಂದ ಅದನ್ನು ನಾನು ನಂಬುವುದಿಲ್ಲ.

ಗದಗಿನ ಕಡೆಯ ತಮ್ಮ ಹಳ್ಳಿಯಲ್ಲಿ ಅವರು ತೀರಿಕೊಂಡ ಸುದ್ದಿ ಶಾಲೆಯ ಗುಂಪಿಗೆ ಮೊಬೈಲಿನಲ್ಲಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಶಾಲೆಯ ವಾರ್ಷಿಕ ಸಂಚಿಕೆಗೆ ನೀವೇ ಬರೆಯಬೇಕು ಸರ್, ನಿಮಗಿಂತ ಅವರನ್ನು ಬಲ್ಲವರು ಯಾರು ಎಂದರು ಕಮಿಟಿಯವರು. ಆ ಒಂದು ಘಟನೆಯನ್ನು ಬಿಟ್ಟರೆ ಎಂಥ ಶಿಕ್ಷಕಿ, ಎಂದೂ ಸೇರಿಸಿದರು.

ನಿನ್ನೆ ಸಂಜೆ ನೀಲವ್ವನ ಮನೆಗೆ ಹೋದೆ.

ಅವಳು ಹೊಸ್ತಿಲ ಹತ್ತಿರ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು. "ಬರ್ರಿ ಸರ, ಒಳಗ ಬರ್ರಿ. ಭಾಗ್ಯಾ ಇಲ್ರಿ, ಡ್ಯೂಟಿ ಐತಿ" ಎಂದು ಹೇಳುತ್ತಲೇ ಒಂದು ತಂಬಿಗೆ ನೀರು ತಂದುಕೊಟ್ಟಳು. ಕುಡಿದೆ. ಹೇಳುವ ಮೊದಲೇ ಕುಡಿದೆ. ಆಮೇಲೆ ಅಕ್ಕೋರು ಹೋದರು ಎಂದೆ.

"ಕೇಳಿದೆ. ಭಾಗ್ಯಾ ಹೇಳಿದ್ಲು." ಮತ್ತೆ ಕುಳಿತು ಶೇಂಗಾ ಕೈಗೆತ್ತಿಕೊಂಡಳು.

ಅವತ್ತು ಎಣಿಸಿದವನು ನಾನು ಎಂದೆ. ಒಂದೇ ಉಸಿರಿನಲ್ಲಿ ಸಮೀರ, ಪ್ಲಾಸ್ಟಿಕ್ ಚೀಲ, ಕಮಿಟಿ, ಗಿರಣಿ, ಎಲ್ಲ ಹೇಳಿದೆ. ಅವಳು ಸುಲಿಯುತ್ತಲೇ ಇದ್ದಳು. ಕೆಲವು ಸಲ ಕಾಳು ಸಿಪ್ಪೆಯ ಕಡೆ ಬಿದ್ದು ಸಿಪ್ಪೆ ಮೊರಕ್ಕೆ ಬೀಳುತ್ತಿತ್ತು.

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಈ ಸಲ ಚಿಕ್ಕದಾಯಿತು.

"ಮೂರು ಸಲ ಬಂದಿದ್ರು ಅಕ್ಕೋರು, ಇಲ್ಲಿ," ಎಂದಳು. "ಕೈಗೆ ಪಟ್ಟಿ ಹಾಕಿದ ಮರುದಿನ ಒಮ್ಮೆ. ಪಟ್ಟಿ ಬಿಚ್ಚಿದಾಗ ಒಮ್ಮೆ. ಮೂರನೇ ಸಲ ಊರಿಗೆ ಹೊಂಟೇನಿ ಅಂತ ಹೇಳಾಕ. ಮಳಿ ಇತ್ತು. ಛತ್ರಿ ಮುಚ್ಚಲಿಲ್ಲ ಅವರು. ಒಳಗ ಕರೀತಾಳೋ ಇಲ್ಲೋ ಅಂತ ನಿಂತಿದ್ರು. ನಾ ಕರೀಲಿಲ್ಲ. ಬಾ ಅನ್ನಲಿಲ್ಲ, ಕುಂದ್ರು ಅನ್ನಲಿಲ್ಲ, ನೀರು ಬೇಕೇನು ಅಂತ ಸೈತ ಕೇಳಲಿಲ್ಲ."

ನನ್ನ ಮುಂದಿದ್ದ ಖಾಲಿ ತಂಬಿಗೆಯ ಕಡೆ ನೋಡಿದಳು.

"ನಿಮಗ ಕೊಟ್ಟೆ ನೋಡ್ರಿ."

ನಾನು ತಂಬಿಗೆಯನ್ನು ನನ್ನ ಹಿಂದಕ್ಕೆ ಸರಿಸಿಕೊಂಡೆ.

"ಒಂದ್ ಸಲರ 'ನಾ ಅಲ್ಲ ನೀಲವ್ವ' ಅನಬಾರದಾಗಿತ್ತ ಆಕಿ? ಮೂರು ಸಲ ಬಂದ್ಲಲ್ಲ. ಎಷ್ಟೊತ್ತಿನ ಮಾತದು." ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ, "ಎಂಥಾ ಹೆಂಗಸು ಮಾಡಿಟ್ರಿ ಸರ ನೀವು ನನ್ನ," ಎಂದಳು. ಕೋಪದ ದನಿಯಲ್ಲ. ಹೊಸದೇನನ್ನೋ ನೋಡಿ ಹೇಳಿದ ಹಾಗಿತ್ತು.

ಬರೆಯುತ್ತಿದ್ದೇನೆ ಎಂದೆ. ಎಣಿಸಿದ್ದು ನಾನೇ ಎಂದು ಬರೆಯುತ್ತೇನೆ, ಸಂಚಿಕೆಯಲ್ಲಿ ಅಚ್ಚಾಗುತ್ತದೆ, ಎಲ್ಲರೂ ಓದುತ್ತಾರೆ ಎಂದೆ.

"ನನಗ ಓದಾಕ ಬರಂಗಿಲ್ರಿ."

ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಮಣ್ಣು ಮಾಡಿ ಎಷ್ಟು ದಿನ ಆತು?"

"ಹದಿನಾರು."

"ಅಲ್ಲಿ ಯಾರದಾರ?"

"ಮಗಳು ಅದಾಳಂತ."

"ಆಕಿಗೆ ಗೊತ್ತೇನು, ಎಣಿಸಿದಾಕಿ ಅವರವ್ವ ಅಲ್ಲ ಅಂತ?"

ಗೊತ್ತಿಲ್ಲ ಎಂದೆ. ಅಕ್ಕೋರು ಮಗಳಿಗೆ ಏನು ಹೇಳಿದ್ದರೋ ನನಗೆ ತಿಳಿಯದು.

"ರವಿವಾರ ನನಗ ಸೂಟಿ," ಎಂದಳು ನೀಲವ್ವ. "ನಡೀರಿ. ಆ ಮಗಳ ಮುಂದ ನೀವು ಹೇಳ್ರಿ, ನಾ ಬಾಜೂಕ ಕುಂದರತೇನಿ. ನಾ ಒಬ್ಬಾಕಿನ ಹೋಗಿ ಏನಂತ ಹೇಳ್ಲಿ? ನಿಮ್ಮವ್ವಗ ನೀರು ಕೊಡಲಿಲ್ಲ ಅಂತ ಹೇಳಾಕೂ ಮೊದಲ ನೀವು ಹೇಳಬೇಕು."

ಇವತ್ತು ಶನಿವಾರ. ನಾಳೆ ಬೆಳಿಗ್ಗೆ ಆರಕ್ಕೆ ವಾಸ್ಕೋ ಸ್ಟ್ಯಾಂಡಿನಿಂದ ಹುಬ್ಬಳ್ಳಿ ಬಸ್ಸು. ನೀಲವ್ವ ಐದೂವರೆಗೇ ಬಂದಿರುತ್ತೇನೆ ಎಂದಿದ್ದಾಳೆ. ಕಮಿಟಿಯವರಿಗೆ ಈ ಪುಟಗಳನ್ನು ಕೊಟ್ಟು ಹೋಗುತ್ತೇನೆ. ಎರಡು ಪುಟಕ್ಕಿಂತ ಹೆಚ್ಚಾಗಿವೆ, ಬೇಕಾದರೆ ಎತ್ತರ, ಸೀರೆ ತೆಗೆದುಹಾಕಲಿ. ಮಗಳ ಮುಂದೆ ಹೇಳುವ ಮೊದಲ ಮಾತು ಯಾವುದಿರಬೇಕೆಂದು ಬೆಳಿಗ್ಗೆಯಿಂದ ಒಬ್ಬನೇ ಹೇಳಿ ನೋಡುತ್ತಿದ್ದೇನೆ. ಪ್ರತಿ ಸಲವೂ ಅದು 'ಅವತ್ತು ಭಾಳ ಮಳಿ ಇತ್ರಿ' ಎಂದೇ ಶುರುವಾಗುತ್ತದೆ. ಮಳೆಯಿಂದ ಶುರು ಮಾಡಬಾರದು.